ಹಿಮಾಲಯದ ಕಾಡಲ್ಲಿ ಹ್ಯಾಮಕ್ ಕಟ್ಟಿ ಮಲಗುದು ಹೇಗೆ: ನಮ್ಮ ಕರಾವಳಿಯವರಿಗೆ ಒಂದು ಗೈಡ್

ಹಿಮಾಲಯಕ್ಕೆ ಟ್ರೆಕ್ ಹೋಗುವಾಗ ಟೆಂಟ್ ಬದ್ಲು ಹ್ಯಾಮಕ್, ಅಂದ್ರೆ ಎರಡು ಮರದ ನಡುವೆ ಕಟ್ಟಿ ಮಲಗುವ ಬಟ್ಟೆಯ ಜೋಲಿ, ಹಿಡ್ಕೊಂಡು ಹೋದ್ರೆ ಆಗ್ತದಾ ಅಂತ ಕೇಳುವವರು ಈಗ ಮಂಗ್ಳೂರು ಉಡುಪಿ ಕಡೆ ಜಾಸ್ತಿ ಆಗಿದ್ದಾರೆ, ಯಾಕಂದ್ರೆ ಆನ್‌ಲೈನಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಪ್ಯಾರಾಶೂಟ್ ಬಟ್ಟೆಯ ಹ್ಯಾಮಕ್ ಸಿಗ್ತದೆ, ಭಾನುವಾರ ತಣ್ಣೀರುಬಾವಿಯಲ್ಲೋ ಪಡುಬಿದ್ರೆಯಲ್ಲೋ ಗಾಳಿಮರಕ್ಕೆ ಕಟ್ಟಿ ಒಂದು ಗಡದ್ದು ನಿದ್ದೆ ತೆಗ್ದವರಿಗೆ ಇದೇ ಸುಖ 3000 ಮೀಟರ್ ಮೇಲೂ ಸಿಗ್ಬಹುದು ಅಂತ ಅನಿಸ್ತದೆ. ಸಿಗ್ತದೆ, ಇಲ್ಲ ಅಂತಲ್ಲ. ಆದ್ರೆ ಎರಡು ವಿಷ್ಯ ಮಂಡೆಯಲ್ಲಿ ಇಟ್ಕೊಳ್ಳಿ. ಒಂದು, ಮಳೆಯನ್ನ ನಾವು ಹುಟ್ಟಿದಾಗಿಂದ ನೋಡಿದ್ದೇವೆ, ಅದನ್ನ ಸುಧಾರಿಸ್ಬಹುದು, ಆದ್ರೆ ಅಲ್ಲಿ ಹ್ಯಾಮಕ್‌ನಲ್ಲಿ ಮಲಗಿದವನನ್ನ ಎಬ್ಬಿಸುದು ಬೆನ್ನಿನ ಅಡಿಯಿಂದ ಬರುವ ಚಳಿ, ಅದು ನಮಗೆ ಅಭ್ಯಾಸ ಇಲ್ಲದ್ದು. ಇನ್ನೊಂದು, ಮರ ಎಲ್ಲಿ ಮುಗೀತದೋ ಅಲ್ಲಿಗೆ ಹ್ಯಾಮಕ್ ಕಥೆಯೂ ಮುಗೀತು. ಈ ಎರಡಕ್ಕೆ ಉತ್ತರ ಇಟ್ಕೊಂಡು ಹೊರಟ್ರೆ ಬಾಕಿ ಎಲ್ಲ ಗಂಟು ಹಾಕುವ ಕೆಲಸ ಅಷ್ಟೇ.

ಮೊದ್ಲು ಮ್ಯಾಪ್ ನೋಡಿ, ಆಮೇಲೆ ಹ್ಯಾಮಕ್ ತಗೊಳ್ಳಿ

ಹಿಮಾಚಲ, ಉತ್ತರಾಖಂಡ ಕಡೆ ದೊಡ್ಡ ಮರಗಳು ಸುಮಾರು 3300ರಿಂದ 3600 ಮೀಟರ್ ಹತ್ರ ನಿಂತುಬಿಡ್ತವೆ. ಕೆಳಗೆ ಚೀಡ್ ಪೈನ್, ಅದರ ಮೇಲೆ ದೇವದಾರು, ಓಕ್, ಫರ್, ನಡುವೆ ಬುರಾಂಶ್ (ರೋಡೋಡೆಂಡ್ರಾನ್), ಕಡೇಗೆ ಭೋಜಪತ್ರ (ಬರ್ಚ್ ಮರ), ಅದರಾಚೆ ಬರೀ ಹುಲ್ಲು ಮತ್ತೆ ಕಲ್ಲು. ಪೂರ್ವಕ್ಕೆ ಸಿಕ್ಕಿಂ ಕಡೆ ಹೋದ್ರೆ ಮರಗಳು ಇನ್ನೂ ಸ್ವಲ್ಪ ಎತ್ತರದ ತನಕ ಸಿಗ್ತವೆ. ಹಾಗಾಗಿ ಟ್ರೆಕ್ ಆಯ್ಕೆ ಮಾಡುವಾಗ ಒಂದೊಂದು ಕ್ಯಾಂಪ್ ಎಷ್ಟು ಎತ್ತರದಲ್ಲಿ ಉಂಟು ಅಂತ ಬರೆದಿಟ್ಕೊಂಡು, ಸ್ಯಾಟಲೈಟ್ ಮ್ಯಾಪಲ್ಲಿ ಝೂಮ್ ಮಾಡಿ ಅಲ್ಲಿ ಮರ ಕಾಣ್ತದಾ ನೋಡಿ. ಮನಾಲಿ ಕಡೆಯ ಹಂಪ್ತಾ ಪಾಸ್, ಅಂದ್ರೆ ಗುಡ್ಡಸಾಲು ದಾಟುವ ದಾರಿ, ನೋಡಿ, ಅದು 4270 ಮೀಟರ್, ಸುರುವಿಗೆ ಜೋಬ್ರಾ ಹತ್ರ ಒಳ್ಳೇ ಕಾಡುಂಟು, ಬಾಲು ಕಾ ಘೇರಾ ಮುಟ್ಟುವಾಗ ಕಟ್ಟಲಿಕ್ಕೆ ಎಂತದೂ ಇಲ್ಲ, ಪಾಸ್ ದಾಟಿ ಲಾಹೋಲ್ ಕಡೆ ಇಳಿದ್ರೆ ಅದು ಮರುಭೂಮಿಯ ಹಾಗೆ. ಅಲ್ಲಿಗೆ ಹ್ಯಾಮಕ್ ಬರೀ ಹೊರೆ. ಲಡಾಖ್, ಸ್ಪಿತಿ ಅಂತೂ ಯೋಚ್ನೆ ಮಾಡುದೇ ಬೇಡ, ಅಲ್ಲಿ ಊರಿನವರು ನೀರು ಹಾಯಿಸಿ ಸಾಕಿದ ವಿಲ್ಲೋ, ಪೋಪ್ಲರ್‌ನಂಥವು ಬಿಟ್ರೆ ಮರ ತುಂಬಾ ಕಡಿಮೆ, ಅದಕ್ಕೆ ಹೋಗಿ ಬಳ್ಳಿ ಕಟ್ಟಿದ್ರೆ ಅವ್ರು ಬಯ್ಯುದು ನ್ಯಾಯವೇ.

ಹ್ಯಾಮಕ್‌ಗೆ ಸರಿ ಹೊಂದುವ ಪ್ಲಾನ್ ಅಂದ್ರೆ ಕಾಡಿನ ಒಳಗೆ 2500ರಿಂದ 3200 ಮೀಟರ್ ನಡುವೆ ಒಂದು ಜಾಗ ಹಿಡಿದು ಎರಡು ಮೂರು ರಾತ್ರಿ ಅಲ್ಲೇ ಉಳಿಯುದು, ಬೆಳಿಗ್ಗೆ ಬೇಗ ಎದ್ದು ಸಣ್ಣ ಬ್ಯಾಗ್ ಹಾಕ್ಕೊಂಡು ಮೇಲೆ ಹುಲ್ಲುಗಾವಲು, ತುದಿ ಎಲ್ಲ ನೋಡ್ಕೊಂಡು ಮಧ್ಯಾಹ್ನ ಮೋಡ ಕಟ್ಟುವ ಮೊದ್ಲು ಕಾಡಿಗೆ ವಾಪಸ್ ಬರುದು. ಸಮುದ್ರದ ಬದಿಯಿಂದ ಹೋಗುವ ನಮಗೆ ಇದು ಆರೋಗ್ಯಕ್ಕೂ ಒಳ್ಳೇದು, ಎತ್ತರಕ್ಕೆ ಹತ್ತಿ ತಗ್ಗಲ್ಲಿ ಮಲಗಿದ್ರೆ ದೇಹ ಹೊಂದಿಕೊಳ್ತದೆ. ಉತ್ತರಾಖಂಡದ ಬುಗ್ಯಾಲ್‌ಗಳಲ್ಲಿ, ಅಂದ್ರೆ ಆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ಉಳಿಯುದನ್ನ ಅಲ್ಲಿನ ಹೈಕೋರ್ಟ್ 2018ರಲ್ಲೇ ನಿಷೇಧಿಸಿದೆ, ಹಾಗಾಗಿ ಅಲ್ಲಿ ಹೇಗೂ ಕೆಳಗೆ ಬರ್ಲೇಬೇಕು. ಪರ್ಮಿಟ್ ವಿಷ್ಯದಲ್ಲಿ ಸೋಮಾರಿತನ ಬೇಡ. ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ 2014ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ, ಒಳಗೆ ಹೋಗ್ಲಿಕ್ಕೆ ಪರ್ಮಿಟ್ ಬೇಕು, ಗೋವಿಂದ್ ವನ್ಯಧಾಮದ ಕಡೆ ಕೇದಾರಕಂಠ, ಹರ್ ಕಿ ದೂನ್‌ಗೆ ಹೋದ್ರೂ ಚೆಕ್‌ಪೋಸ್ಟಲ್ಲಿ ಕೇಳ್ತಾರೆ. ಕೇಳುವಾಗಲೇ ಹ್ಯಾಮಕ್ ಕಟ್ತೇವೆ, ಎಲ್ಲಿ ಕಟ್ಬಹುದು ಅಂತ ಬಾಯಿ ಬಿಟ್ಟು ಹೇಳಿ, ಅಲ್ಲಿನ ಗಾರ್ಡ್‌ಗಳಿಗೆ ಯಾವ ಮರ ಒಣಗಿದೆ, ಕರಡಿ ಎಲ್ಲಿ ಓಡಾಡ್ತದೆ ಎಲ್ಲ ಗೊತ್ತಿರ್ತದೆ.

ಪ್ರಾಕ್ಟೀಸ್ ಊರಲ್ಲೇ ಆಗ್ಬೇಕು

ಕುದುರೆಮುಖಕ್ಕೆ ಹೋಗಿ ಒಂದು ರಾತ್ರಿ ಟ್ರೈ ಮಾಡ್ತೇವೆ ಅಂತ ಹೊರಡ್ಬೇಡಿ ಮಾರಾಯ್ರೆ, ನ್ಯಾಷನಲ್ ಪಾರ್ಕ್ ಒಳಗೆ ರಾತ್ರಿ ಕ್ಯಾಂಪಿಂಗ್‌ಗೆ ಬಿಡುದಿಲ್ಲ, ಸಂಜೆ ಒಳಗೆ ಇಳೀಲೇಬೇಕು. ಮತ್ತೆ ನಮ್ಮ ಘಟ್ಟದ ಕಾಡಲ್ಲಿ ಡಿಸೆಂಬರಿಂದ ಮೇ ತನಕ ಉಣ್ಣಿ ಕಾಟ, ಮಂಗನ ಕಾಯಿಲೆ ಅಂದ್ರೆ ಇದೇ ಉಣ್ಣಿಯಿಂದ ಬರುದು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದ್ಲು ಗೊತ್ತಾದದ್ದು, 1980ರ ದಶಕದಲ್ಲಿ ನಮ್ಮ ಬೆಳ್ತಂಗಡಿ ಕಡೆಗೂ ಬಂದಿತ್ತು. ಹ್ಯಾಮಕ್ ನೆಲದಿಂದ ಮೇಲೆ ಇರುದ್ರಿಂದ ಉಣ್ಣಿ ಬರುದಿಲ್ಲ ಅಂತ ಕೆಲವ್ರು ಧೈರ್ಯ ಹೇಳ್ತಾರೆ, ಆದ್ರೆ ಉಣ್ಣಿ ಹತ್ತುದು ನಾವು ಪೊದೆ ಒಳಗೆ ನಡೆಯುವಾಗ, ಹ್ಯಾಮಕ್‌ಗೆ ಬರುವಾಗ ಅದು ಆಗಲೇ ಪ್ಯಾಂಟಲ್ಲಿ ಇರ್ತದೆ.

ಹಾಗಾಗಿ ಪ್ರಾಕ್ಟೀಸ್‌ಗೆ ಮನೆ ಹಿತ್ತಲೇ ಬೆಸ್ಟ್. ಹಲಸಿನ ಮರ, ಮಾವಿನ ಮರದ ಕಾಂಡ ಸಿಕ್ಕಿದ್ರೆ ಅದೃಷ್ಟ. ತೆಂಗಿನ ಮರ ಗಟ್ಟಿ ಉಂಟು ಅಂತ ಅದರ ಅಡಿಯಲ್ಲಿ ಮಲಗುದು ಮಾತ್ರ ಬೇಡ, ಕಾಯಿ ಬೀಳುದು ಬಿಡಿ, ಒಂದು ಒಣ ಮಡಲು ಬಿದ್ರೂ ಸಾಕು. ಅಡಿಕೆ ಮರ ಸಪೂರ, ಭಾರ ಹಾಕಿದ್ರೆ ಬಾಗ್ತದೆ. ಗೇರು ಮರದ ಗೆಲ್ಲು ನಂಬ್ಲಿಕ್ಕಿಲ್ಲ. ಮನೆಯಲ್ಲಿ ಒಳ್ಳೇ ಮಂಚ ಇರುವಾಗ ಮರಕ್ಕೆ ಜೋತು ಬೀಳುದು ಎಂತಕ್ಕೆ ಅಂತ ಅಮ್ಮ ಖಂಡಿತ ಕೇಳ್ತಾರೆ, ಕೇಳ್ಲಿ. ಜೂನಲ್ಲಿ ಮಳೆ ಹಿಡಿದ ಮೇಲೆ ಒಂದು ರಾತ್ರಿ ಪೂರ್ತಿ ಹೊರಗೆ ಟಾರ್ಪಾಲ್ ಹಾಕಿ ಮಲಗಿ ನೋಡಿ. ನಮ್ಮ ಆಷಾಢದ ಮಳೆಯಲ್ಲಿ ಒಣಗಿದ ಹಾಗೆ ಎದ್ದವನಿಗೆ ಹಿಮಾಲಯದ ಮಳೆ ದೊಡ್ಡದಲ್ಲ. ಇನ್ನೊಂದು, ಕತ್ತಲೆಯಲ್ಲಿ ಹೆಡ್‌ಲ್ಯಾಂಪ್ ಇಟ್ಕೊಂಡು ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ, ಅಲ್ಲಿ ಕೈ ಮರಗಟ್ಟಿದಾಗ ಗಂಟು ನೆನಪು ಮಾಡ್ಕೊಳ್ಳುದು ಬಂಙ ಆಗ್ತದೆ.

ಸಾಮಾನು

ಹ್ಯಾಮಕ್ ಉದ್ದ ನೋಡಿ ತಗೊಳ್ಳಿ. ಅಗ್ಗಕ್ಕೆ ಸಿಗುದು ಹೆಚ್ಚಿನದ್ದು 2.7 ಮೀಟರ್ ಉದ್ದದ್ದು, ಅದು ಮಧ್ಯಾಹ್ನದ ನಿದ್ದೆಗೆ ಸಾಕು, ರಾತ್ರಿಗೆ ಸಾಕಾಗುದಿಲ್ಲ, ಬೆನ್ನು ಬಾಳೆಹಣ್ಣಿನ ಹಾಗೆ ಬಾಗಿ ಬೆಳಿಗ್ಗೆ ಏಳುವಾಗ ಸೊಂಟ ಹಿಡಿದಿರ್ತದೆ. ಕನಿಷ್ಠ 3 ಮೀಟರ್, ಎತ್ತರದವರಿಗೆ 3.3 ಮೀಟರ್ ಬೇಕು. ಯಾಕಂದ್ರೆ ಹ್ಯಾಮಕ್‌ನಲ್ಲಿ ನೆಟ್ಟಗೆ ಮಲಗುದಲ್ಲ, ಓರೆಯಾಗಿ ಮಲಗುದು, ಮಂಡೆ ನಡುಗೆರೆಯಿಂದ ಸ್ವಲ್ಪ ಎಡಕ್ಕೆ, ಕಾಲು ಬಲಕ್ಕೆ, ಆಗ ಬಟ್ಟೆ ಚಪ್ಪಟೆ ಆಗಿ ಬೆನ್ನು ನೆಟ್ಟಗಾಗ್ತದೆ. ಬಟ್ಟೆ ಉದ್ದ ಇದ್ದಷ್ಟು ಓರೆ ಮಲಗ್ಲಿಕ್ಕೆ ಜಾಗ ಜಾಸ್ತಿ. ಇದು ಗೊತ್ತಿಲ್ಲದೆ ಹ್ಯಾಮಕ್ ನನಗೆ ಆಗುದಿಲ್ಲ ಅಂತ ಬಿಟ್ಟವರು ತುಂಬಾ ಜನ.

ಮರಕ್ಕೆ ಸುತ್ತಲಿಕ್ಕೆ ಅಗಲದ ಪಟ್ಟಿ ಬೇಕು, ಕಡಿಮೆ ಅಂದ್ರೆ 2.5 ಸೆಂಟಿಮೀಟರ್, 5 ಆದ್ರೆ ಇನ್ನೂ ಒಳ್ಳೇದು. ಬಂದರಿನಲ್ಲೋ ಮಲ್ಪೆಯಲ್ಲೋ ಬಲೆ ಅಂಗಡಿಗೆ ಹೋದ್ರೆ ಚಂದ ಚಂದದ ನೈಲಾನ್ ಬಳ್ಳಿ ಕಾಣ್ತದೆ, ಕಡಿಮೆ ಕ್ರಯ, ದೋಣಿಯನ್ನೇ ಹಿಡೀತದೆ ನಮ್ಮನ್ನ ಹಿಡೀಲಿಕ್ಕಿಲ್ವಾ ಅಂತ ಅನಿಸ್ತದೆ. ಹಿಡೀತದೆ, ಆದ್ರೆ ನೈಲಾನ್ ಎಳೀತದೆ, ಒದ್ದೆ ಆದ್ರೆ ಇನ್ನೂ ಎಳೀತದೆ, ರಾತ್ರಿ ಹತ್ತಕ್ಕೆ ಎತ್ತರದಲ್ಲಿ ಮಲಗಿದವ ಬೆಳಿಗ್ಗೆ ನಾಲ್ಕಕ್ಕೆ ನೆಲದಲ್ಲಿ ಕೂತಿರ್ತಾನೆ. ಮತ್ತೆ ಸಪೂರ ಬಳ್ಳಿ ಮರದ ತೊಗಟೆಯನ್ನ ಕುಯ್ತದೆ. ಪಾಲಿಯೆಸ್ಟರ್ ಪಟ್ಟಿಯೇ ಸರಿ. ಟ್ರೆಕ್ಕಿಂಗ್ ಅಂಗಡಿಯದ್ದು ಸಿಗದಿದ್ರೆ ಲಾರಿಯಲ್ಲಿ ಲೋಡ್ ಕಟ್ಟುವ ಬೆಲ್ಟ್ ಹೆಚ್ಚಿನದ್ದು ಪಾಲಿಯೆಸ್ಟರೇ, ಸ್ವಲ್ಪ ಭಾರ, ಕೆಲಸಕ್ಕೆ ಅಡ್ಡಿಯಿಲ್ಲ. ಬಲೆ ಅಂಗಡಿಯ ಸಣ್ಣ ಬಳ್ಳಿಯನ್ನ ಟಾರ್ಪಾಲ್ ಎಳೆದು ಕಟ್ಟಲಿಕ್ಕೆ ಇಟ್ಕೊಳ್ಳಿ. ಕ್ಯಾರಬೀನರ್, ಅಂದ್ರೆ ಹ್ಯಾಮಕನ್ನ ಪಟ್ಟಿಗೆ ಸಿಕ್ಕಿಸುವ ಲೋಹದ ಕೊಕ್ಕೆ, ತಗೊಳ್ಳುವಾಗ ಅದರ ಮೈಮೇಲೆ ಎಷ್ಟು ಕಿಲೋನ್ಯೂಟನ್ ಎಳೆತ ತಡೀತದೆ ಅಂತ ಅಚ್ಚು ಇರ್ತದೆ, ಅಚ್ಚು ಇಲ್ಲದ್ದು ಬೀಗದ ಕೀ ನೇತು ಹಾಕ್ಲಿಕ್ಕೆ ಮಾತ್ರ.

ಟಾರ್ಪಾಲ್ 3 ಮೀಟರ್‌ಗಿಂತ ಉದ್ದ ಬೇಕು, ಹ್ಯಾಮಕ್‌ನ ಎರಡೂ ತುದಿ ಮುಚ್ಚಿ ಒಂದೊಂದು ಗೇಣಾದ್ರೂ ಹೊರಗೆ ಚಾಚ್ಬೇಕು. ಸೊಳ್ಳೆ ಪರದೆ ಹಿಮಾಲಯದಲ್ಲಿ ಎತ್ತರಕ್ಕೆ ಹೋದ ಹಾಗೆ ಅಷ್ಟೇನೂ ಬೇಡ, ಆದ್ರೆ ಊರಲ್ಲಿ ಪ್ರಾಕ್ಟೀಸ್‌ಗೆ ಇಲ್ಲದೆ ಆಗುದೇ ಇಲ್ಲ.

ಹ್ಯಾಮಕ್ ಅಂದ್ರೆ ಟೆಂಟ್‌ಗಿಂತ ಹಗುರ ಅಂತ ಎಲ್ಲರೂ ಹೇಳ್ತಾರಲ್ಲ, ನನ್ನ ಲೆಕ್ಕದಲ್ಲಿ ಚಳಿಯ ಜಾಗಕ್ಕೆ ಅದು ಪೂರ್ತಿ ನಿಜ ಅಲ್ಲ. ಹ್ಯಾಮಕ್ ಅರ್ಧ ಕಿಲೋ, ಪಟ್ಟಿ ಕಾಲು ಕಿಲೋ, ಟಾರ್ಪಾಲ್ ಬಳ್ಳಿ ಗೂಟ ಸೇರಿ ಮುಕ್ಕಾಲು ಕಿಲೋ, ಬೆನ್ನಿನ ಅಡಿಯ ಚಳಿಗೆ ಮ್ಯಾಟ್ ಅಥವಾ ಕ್ವಿಲ್ಟ್ (ರಜಾಯಿ) ಅರ್ಧದಿಂದ ಮುಕ್ಕಾಲು ಕಿಲೋ, ಎಲ್ಲ ಸೇರಿದ್ರೆ ಒಬ್ಬರ ಟೆಂಟ್‌ನಷ್ಟೇ ಆಯ್ತು. ಹ್ಯಾಮಕ್‌ನ ಲಾಭ ಇರುದು ಬೇರೆ ಕಡೆ. ಹಿಮಾಲಯದ ಕಾಡಲ್ಲಿ ಸಮ ಜಾಗ ಸಿಗುದೇ ಕಷ್ಟ, ಎಲ್ಲ ಇಳಿಜಾರು, ಬೇರು, ಕಲ್ಲು, ಕೆಸರು. ಅಲ್ಲಿ ಟೆಂಟ್‌ನವ್ರು ಜಾಗ ಹುಡುಕ್ತಾ ಇನ್ನೊಂದು ಗಂಟೆ ನಡೀವಾಗ ನೀವು ಎರಡು ಮರ ನೋಡಿ ಕಟ್ಟಿ ಚಾಕ್ಕೆ ನೀರು ಇಟ್ಟಾಗಿರ್ತದೆ.

ಕಟ್ಟುವ ಕ್ರಮ

ಮಂಗ್ಳೂರಿಂದ ಹೋಗುವವರು ಹೆಚ್ಚಿನವರು ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ಎರಡು ರಾತ್ರಿ ಕಳೆದು ನಿಜಾಮುದ್ದೀನ್‌ನಲ್ಲಿ ಇಳಿದು ಬಸ್ ಹಿಡೀತಾರೆ. ಟ್ರೈನಲ್ಲಿಯೂ ವಿಮಾನದಲ್ಲಿಯೂ ಗ್ಯಾಸ್ ಕ್ಯಾನಿಸ್ಟರ್ ತಗೊಂಡು ಹೋಗ್ಲಿಕ್ಕಿಲ್ಲ, ಅದನ್ನ ಮನಾಲಿಯಲ್ಲೋ ಡೆಹ್ರಾಡೂನ್‌ನಲ್ಲೋ ತಗೊಳ್ಳಿ. ಇನ್ನು ಕಾಡಿಗೆ ಮುಟ್ಟಿದ್ದೀರಿ ಅಂತ ಇಟ್ಕೊಳ್ಳುವ, ಮಧ್ಯಾಹ್ನ ಮೂರು ಗಂಟೆ, ಬೆಳಕು ಉಂಟು.

ಮೊದ್ಲು ಮೇಲೆ ನೋಡಿ. ಎಲ್ಲರೂ ಕಾಂಡ ತಟ್ಟಿ ನೋಡ್ತಾರೆ, ಕತ್ತೆತ್ತಿ ನೋಡುದಿಲ್ಲ. ಒಣಗಿದ ಗೆಲ್ಲು, ಅರ್ಧ ಮುರಿದು ಸಿಕ್ಕಿಕೊಂಡ ಗೆಲ್ಲು, ಪಕ್ಕದಲ್ಲಿ ಒರಗಿ ನಿಂತ ಸತ್ತ ಮರ, ಇವು ಯಾವುದಾದ್ರೂ ಇದ್ರೆ ಆ ಜಾಗ ಬೇಡ. ಮರ ಜೀವಂತ ಇರ್ಬೇಕು, ಕಾಂಡ ಕಡಿಮೆ ಅಂದ್ರೆ ಒಂದು ಗೇಣು ದಪ್ಪ ಇರ್ಬೇಕು. ದೇವದಾರು, ಫರ್, ಓಕ್ ಒಳ್ಳೇದು. ಭೋಜಪತ್ರವನ್ನ ಅದರಷ್ಟಕ್ಕೆ ಬಿಡಿ, ಕಾಗದದ ಹಾಗೆ ಪದರ ಪದರ ಏಳುವ ತೊಗಟೆ ಅದು, ಪಟ್ಟಿ ಬಿಗಿದ್ರೆ ಕಿತ್ತು ಬರ್ತದೆ, ಗಂಗೋತ್ರಿ ಮೇಲಿನ ಭೋಜ್‌ಬಾಸಾಕ್ಕೆ ಆ ಹೆಸರು ಬಂದದ್ದೇ ಈ ಮರದಿಂದ, ಈಗ ಅಲ್ಲಿ ಹುಡುಕ್ಬೇಕು. ಚೀಡ್ ಪೈನ್ ಕಾಡಲ್ಲಿ ಏಪ್ರಿಲಿಂದ ಜೂನ್ ತನಕ ಉಳಿಯದಿದ್ರೆ ಒಳ್ಳೇದು, ನೆಲದಲ್ಲಿ ಬಿದ್ದ ಒಣ ಸೂಜಿ ಎಲೆಗೆ ಬೆಂಕಿ ಹಿಡಿದ್ರೆ ಓಡ್ಲಿಕ್ಕೂ ಆಗುದಿಲ್ಲ, ಮತ್ತೆ ಅದರ ಮೇಣ ಪಟ್ಟಿಗೆ ಅಂಟಿದ್ರೆ ಜನ್ಮಕ್ಕೆ ಹೋಗುದಿಲ್ಲ.

ಎರಡು ಮರದ ನಡುವೆ ಸುಮಾರು 4ರಿಂದ 5 ಮೀಟರ್ ಅಂತರ, ಅಂದ್ರೆ ಐದಾರು ದೊಡ್ಡ ಹೆಜ್ಜೆ. ಜಾಗ ಆಯ್ಕೆ ಮಾಡುವಾಗ ಹೊಳೆ ಬದಿಯಲ್ಲಿ, ಕಣಿವೆಯ ತಳದಲ್ಲಿ ಕಟ್ಟಬೇಡಿ, ನೀರಿನ ಸದ್ದು ಚಂದ, ಆದ್ರೆ ರಾತ್ರಿ ತಣ್ಣಗಿನ ಗಾಳಿ ಎಲ್ಲ ಮೇಲಿಂದ ಇಳಿದು ಬಂದು ತಳದಲ್ಲಿ ನಿಲ್ತದೆ. ಸ್ವಲ್ಪ ಮೇಲೆ ಹತ್ತಿ, ದಿಣ್ಣೆಯ ಮಗ್ಗುಲಲ್ಲಿ ಕಟ್ಟಿದ್ರೆ ಎರಡು ಮೂರು ಡಿಗ್ರಿ ವ್ಯತ್ಯಾಸ ಬರ್ತದೆ. ಹಾಗಂತ ಬೋಳು ದಿಣ್ಣೆಯ ತುದಿಯ ಒಂಟಿ ಮರ ಬೇಡವೇ ಬೇಡ, ಸಿಡಿಲಿಗೆ ಅದೇ ಮೊದ್ಲು.

ಮಳೆ ಬರುವ ಹಾಗೆ ಇದ್ರೆ ಟಾರ್ಪಾಲ್ ಮೊದ್ಲು ಕಟ್ಟಿ, ಅದರ ಅಡಿಯಲ್ಲಿ ನಿಂತು ಬಾಕಿ ಕೆಲಸ. ಬಿಚ್ಚುವಾಗ ಟಾರ್ಪಾಲ್ ಕಡೇಗೆ. ಪಟ್ಟಿಯನ್ನ ಸುಮಾರು ನಿಮ್ಮ ಮಂಡೆಯ ಎತ್ತರದಲ್ಲಿ ಸುತ್ತಿ, ಹ್ಯಾಮಕ್ ಸಿಕ್ಕಿಸಿ, ಸಡಿಲ ಬಿಡಿ. ಇಲ್ಲಿಯೇ ಹೊಸಬರಿಗೆ ಮನಸ್ಸು ಬರುದಿಲ್ಲ, ಬಿಗಿಯಾಗಿ ಎಳೆದ್ರೆ ಮಂಚದ ಹಾಗೆ ಸಮ ಆಗ್ತದೆ ಅಂತ ಜಗ್ಗಿ ಜಗ್ಗಿ ಕಟ್ತಾರೆ. ಲೆಕ್ಕ ಹೀಗುಂಟು, ಪಟ್ಟಿ ಅಡ್ಡಗೆರೆಯಿಂದ 30 ಡಿಗ್ರಿ ಇಳಿಜಾರಲ್ಲಿ ಇದ್ರೆ 70 ಕಿಲೋದವನು ಮಲಗಿದಾಗ ಒಂದೊಂದು ಬದಿಗೆ 70 ಕಿಲೋ ಎಳೆತ ಬೀಳ್ತದೆ, 15 ಡಿಗ್ರಿಗೆ ಬಂದ್ರೆ 135 ಕಿಲೋ, 10 ಡಿಗ್ರಿಗೆ 200 ದಾಟ್ತದೆ. ಪಟ್ಟಿಯೂ ಕೊಕ್ಕೆಯೂ ಮರವೂ ಅದನ್ನ ತಡ್ಕೊಳ್ಬೇಕು, ಮೇಲಿಂದ ಬಟ್ಟೆಯ ಅಂಚು ಭುಜವನ್ನ ಎರಡೂ ಕಡೆಯಿಂದ ಒತ್ತಿ ಹಿಡೀತದೆ. 30 ಡಿಗ್ರಿ ನೋಡ್ಲಿಕ್ಕೆ ಸಾಮಾನು ಬೇಡ, ಹೆಬ್ಬೆರಳು ಮೇಲೆ ತೋರುಬೆರಳು ಮುಂದೆ ಮಾಡಿ ಪಿಸ್ತೂಲ್ ಹಾಗೆ ಕೈ ಹಿಡೀರಿ, ಎರಡು ಬೆರಳಿನ ತುದಿಯನ್ನ ಸೇರಿಸುವ ಓರೆ ಗೆರೆ ಹೆಚ್ಚುಕಡಿಮೆ ಅಷ್ಟೇ ಇಳಿಜಾರು, ಪಟ್ಟಿ ಅದಕ್ಕೆ ಸರಿಯಾಗಿ ಬಂದ್ರೆ ಆಯ್ತು.

ದಿನಾ ಈ ಲೆಕ್ಕ ಮಾಡುದು ಮಂಡೆಬಿಸಿ ಅನಿಸಿದ್ರೆ ಹ್ಯಾಮಕ್‌ನ ಎರಡು ತುದಿಗಳ ನಡುವೆ ಎಳೆಯದ ಸಪೂರ ಬಳ್ಳಿ ಒಂದನ್ನ ಖಾಯಂ ಕಟ್ಟಿಬಿಡಿ, ರಿಡ್ಜ್‌ಲೈನ್ ಅಂತಾರೆ. ಅದರ ಉದ್ದ ಹ್ಯಾಮಕ್ ಉದ್ದದ ನೂರಕ್ಕೆ 83ರಷ್ಟು. 3.3 ಮೀಟರ್ ಹ್ಯಾಮಕ್‌ಗೆ ಸುಮಾರು 2.75 ಮೀಟರ್, 3 ಮೀಟರಿನದ್ದಕ್ಕೆ 2.5. ಆಮೇಲೆ ಮರ ಹತ್ರ ಇರ್ಲಿ ದೂರ ಇರ್ಲಿ, ಬಟ್ಟೆ ದಿನಾ ಒಂದೇ ರೀತಿ ಜೋಲ್ತದೆ. ಮಲಗಿದಾಗ ಈ ಬಳ್ಳಿಯನ್ನ ಎರಡು ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ಬಾಗ್ಬೇಕು, ತಂತಿ ಹಾಗೆ ಠಣ್ ಅಂದ್ರೆ ಬಿಗಿ ಜಾಸ್ತಿ ಆಯ್ತು. ಕನ್ನಡಕ, ಹೆಡ್‌ಲ್ಯಾಂಪ್ ನೇತು ಹಾಕ್ಲಿಕ್ಕೂ ಇದೇ ಬಳ್ಳಿ.

ಕೂತಾಗ ಕುರ್ಚಿಯಷ್ಟು ಎತ್ತರ ಇರ್ಲಿ, ಅಂದ್ರೆ ನೆಲದಿಂದ ಒಂದೂವರೆ ಅಡಿ. ಕಾಲಿನ ಬದಿ ಮಂಡೆಯ ಬದಿಗಿಂತ ಒಂದು ಗೇಣು ಮೇಲೆ ಕಟ್ಟಿ, ಇಲ್ಲಾಂದ್ರೆ ರಾತ್ರಿ ಇಡೀ ಕೆಳಗೆ ಜಾರ್ತಾ ಇರ್ತೀರಿ. ಇಳಿಜಾರಲ್ಲಿ ಮೇಲಿನ ಮಗ್ಗುಲಿಂದ ಹತ್ತಿ ಇಳೀರಿ, ಅಡಿಯಲ್ಲಿ ಚೂಪು ಕಲ್ಲು, ಕಡಿದ ಬೊಡ್ಡೆ ಇಲ್ಲ ಅಂತ ಮೊದ್ಲೇ ನೋಡಿ. ಫೋಟೋಕ್ಕೋಸ್ಕರ ಪ್ರಪಾತದ ಮೇಲೆ ಕಟ್ಟುವವರಿಗೆ ಹೇಳ್ಲಿಕ್ಕೆ ನನ್ನಲ್ಲಿ ಒಳ್ಳೇ ಶಬ್ದ ಇಲ್ಲ.

ಬೆನ್ನಿನ ಚಳಿ

ಎತ್ತರ 1000 ಮೀಟರ್ ಏರಿದ್ರೆ ಸುಮಾರು 6.5 ಡಿಗ್ರಿ ಕಡಿಮೆ ಆಗ್ತದೆ, ಹಾಗಾಗಿ ಮೇ ತಿಂಗಳಲ್ಲಿ ಊರಲ್ಲಿ ಫ್ಯಾನ್ ಅಡಿಯಲ್ಲಿ ಬೆವರುವಾಗ 3000 ಮೀಟರಲ್ಲಿ ರಾತ್ರಿ ಒಂದಂಕಿ ಡಿಗ್ರಿ. ಅಕ್ಟೋಬರಲ್ಲಿ ಸೊನ್ನೆ ಹತ್ರ. ನಾವು ಎಂತ ಮಾಡ್ತೇವೆ, ಒಳ್ಳೇ ದಪ್ಪ ಸ್ಲೀಪಿಂಗ್ ಬ್ಯಾಗ್ ತಗೊಂಡು ಅದರೊಳಗೆ ಹೊಕ್ಕು ಹ್ಯಾಮಕ್‌ನಲ್ಲಿ ಮಲಗ್ತೇವೆ. ಹೊಟ್ಟೆ ಬೆಚ್ಚಗೆ, ಬೆನ್ನು ಮಂಜು. ಯಾಕಂದ್ರೆ ಸ್ಲೀಪಿಂಗ್ ಬ್ಯಾಗ್ ಬೆಚ್ಚಗೆ ಇಡುದು ಅದರೊಳಗೆ ಸಿಕ್ಕಿಕೊಂಡ ಗಾಳಿಯಿಂದ, ನಮ್ಮ ಭಾರಕ್ಕೆ ಅಡಿಯ ಭಾಗ ಅಪ್ಪಚ್ಚಿ ಆಗಿ ಗಾಳಿ ಹೋಗಿಬಿಡ್ತದೆ, ಉಳಿಯುದು ಎರಡು ಪದರ ತೆಳು ಬಟ್ಟೆ, ಅದರಾಚೆ ಬೀಸುವ ಗಾಳಿ. ಟೆಂಟಲ್ಲಿ ನೆಲ ತಣ್ಣಗಿದ್ರೂ ಗಾಳಿ ಬೀಸುದಿಲ್ಲ, ಇಲ್ಲಿ ಇಡೀ ರಾತ್ರಿ ಬೀಸ್ತಾ ಇರ್ತದೆ. ಎಷ್ಟು ರಗ್ಗು ಮೇಲೆ ಹೊದ್ದುಕೊಂಡ್ರೂ ಇದಕ್ಕೆ ಮದ್ದಲ್ಲ.

ಮದ್ದು ಎರಡುಂಟು. ಒಂದು ಅಂಡರ್‌ಕ್ವಿಲ್ಟ್, ಅಂದ್ರೆ ಹ್ಯಾಮಕ್‌ನ ಹೊರಗಡೆ ಅಡಿಯಲ್ಲಿ ಎಲಾಸ್ಟಿಕ್‌ನಲ್ಲಿ ತೂಗುವ ರಜಾಯಿ, ನಮ್ಮ ಭಾರ ಅದರ ಮೇಲೆ ಬೀಳುದಿಲ್ಲ ಹಾಗಾಗಿ ಉಬ್ಬಿಕೊಂಡೇ ಇರ್ತದೆ. ಮಲಗಿದ ಮೇಲೆ ಜೊತೆಯವರ ಹತ್ರ ಹೇಳಿ ಕ್ವಿಲ್ಟ್ ಮತ್ತೆ ಹ್ಯಾಮಕ್ ನಡುವೆ ಕೈ ಹಾಕಿ ನೋಡಿಸಿ, ಕೈಗೆ ಎರಡೂ ಬದಿ ಮೆತ್ತಗೆ ತಾಗ್ಬೇಕು. ಖಾಲಿ ಜಾಗ ಇದ್ರೆ ಗಾಳಿ ಹೊಕ್ತದೆ, ಒತ್ತಿ ಹಿಡಿದ್ರೆ ರಜಾಯಿ ಅಪ್ಪಚ್ಚಿ. ಎರಡು ತುದಿಯ ಬಾಯಿ ಬಿಗಿ ಮಾಡುದನ್ನ ಮರೀಬೇಡಿ, ಚಳಿ ನುಗ್ಗುದು ಅಲ್ಲಿಂದ. ರೆಡಿಮೇಡ್ ಸಿಗುದು ಕಷ್ಟ, ಸಿಕ್ಕಿದ್ರೂ ಕ್ರಯ ಜಾಸ್ತಿ, ಹಳೇ ಸಿಂಥೆಟಿಕ್ ಸ್ಲೀಪಿಂಗ್ ಬ್ಯಾಗನ್ನ ಪೂರ್ತಿ ಝಿಪ್ ಬಿಚ್ಚಿ ಅಂಚಿಗೆ ಎಲಾಸ್ಟಿಕ್ ಬಳ್ಳಿ ಹಾಕಿಸಿದ್ರೆ ಅದೇ ಆಯ್ತು, ಸೀಟ್ ಕವರ್ ಹೊಲಿಯುವವರು ಅರ್ಧ ದಿನದಲ್ಲಿ ಹೊಲಿದು ಕೊಡ್ತಾರೆ.

ಇನ್ನೊಂದು ಫೋಮ್ ಮ್ಯಾಟ್, ಹ್ಯಾಮಕ್ ಒಳಗೆ ಬೆನ್ನಡಿಗೆ ಹಾಕುದು. ಸುಖ ಕಡಿಮೆ, ರಾತ್ರಿ ಜಾರ್ತದೆ, ಭುಜದ ಹತ್ರ ಅಗಲ ಸಾಕಾಗುದಿಲ್ಲ, ಅಲ್ಲಿಗೆ ಇನ್ನೊಂದು ತುಂಡು ಅಡ್ಡ ಹಾಕ್ಬೇಕು. ಎರಡು ಪದರದ ಹ್ಯಾಮಕ್ ಆದ್ರೆ ಪದರದ ನಡುವೆ ಸಿಕ್ಕಿಸಿದ್ರೆ ಜಾರುದಿಲ್ಲ. ಹಾಗಿದ್ರೂ ಮೊದಲ ಸಲ ದೊಡ್ಡ ಗುಡ್ಡಕ್ಕೆ ಹೋಗುವವರಿಗೆ ನಾನು ಹೇಳುದು ಫೋಮ್ ಮ್ಯಾಟನ್ನೇ. ಕಾರಣ ಎಂತ ಅಂದ್ರೆ ದಾರಿ ತಪ್ಪಿ, ಹಿಮ ಬಿದ್ದು, ಅಥವಾ ಕಾಲು ಸೋತು ಮರ ಇಲ್ಲದಲ್ಲಿ ರಾತ್ರಿ ಆಯ್ತು ಅಂತ ಇಟ್ಕೊಳ್ಳಿ, ಟ್ರೆಕ್ಕಿಂಗ್ ಕೋಲು ಎರಡನ್ನ ಊರಿ ಟಾರ್ಪಾಲ್ ತಗ್ಗಾಗಿ ಕಟ್ಟಿ ನೆಲದಲ್ಲಿ ಮ್ಯಾಟ್ ಹಾಕಿ ಮಲಗ್ಬಹುದು. ಅಂಡರ್‌ಕ್ವಿಲ್ಟ್ ನೆಲದಲ್ಲಿ ಒಂದು ಪೈಸೆಗೆ ಪ್ರಯೋಜನ ಇಲ್ಲ, ಮತ್ತೆ ಅಪ್ಪಚ್ಚಿಯೇ. ಮರದ ಗೆರೆಯ ಹತ್ರ ಓಡಾಡುವವರಿಗೆ ಈ ಎರಡನೇ ದಾರಿ ಇರ್ಲೇಬೇಕು. ಹೊರಡುವ ಮೊದ್ಲು ನೆಲದಲ್ಲಿ ಕೋಲು ಊರಿ ಟಾರ್ಪಾಲ್ ಕಟ್ಟುದನ್ನೂ ಹಿತ್ತಲಲ್ಲಿ ಒಮ್ಮೆ ಮಾಡಿ ನೋಡಿ.

ಸ್ಲೀಪಿಂಗ್ ಬ್ಯಾಗ್ ಮೇಲೆ ಮೈನಸ್ ಹತ್ತು ಅಂತ ದೊಡ್ಡದಾಗಿ ಬರೆದದ್ದನ್ನ ನೋಡಿ ಖುಷಿ ಪಡ್ಬೇಡಿ, ಕಂಫರ್ಟ್ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಇರ್ತದೆ, ಅದು ಸೊನ್ನೆ ಅಥವಾ ಅದಕ್ಕಿಂತ ಕೆಳಗೆ ಇರುದನ್ನ ತಗೊಳ್ಳಿ. ಹ್ಯಾಮಕ್‌ನಲ್ಲಿ ತೂಗಾಡ್ತಾ ಬ್ಯಾಗ್ ಒಳಗೆ ಹೊಕ್ಕುದು ಸರ್ಕಸ್, ಕಾಲಿನ ಭಾಗ ಮಾತ್ರ ಝಿಪ್ ಹಾಕಿ ಬಾಕಿದ್ದನ್ನ ಬಿಚ್ಚಿ ರಜಾಯಿ ಹಾಗೆ ಹೊದ್ದುಕೊಳ್ಳಿ. ಮಲಗುವ ಮೊದ್ಲು ಹೊಟ್ಟೆ ತುಂಬ ಉಣ್ಣಿ, ಒಣ ಸಾಕ್ಸ್ ಹಾಕಿ, ಸೋರದ ಬಾಟಲಿಗೆ ಬಿಸಿನೀರು ತುಂಬಿಸಿ ತೊಡೆಗಳ ನಡುವೆ ಇಟ್ಕೊಳ್ಳಿ, ಬೆಳಗ್ಗಿನ ತನಕ ಅದೇ ಹೀಟರ್, ಬೆಳಿಗ್ಗೆ ಅದೇ ಕುಡಿಯುವ ನೀರು. ಮೂತ್ರಕ್ಕೆ ಹೋಗ್ಬೇಕು ಅನಿಸಿದ್ರೆ ಹೋಗಿ ಬನ್ನಿ, ತಡ್ಕೊಂಡು ಮಲಗಿದ್ರೆ ಚಳಿಯೂ ಹೋಗುದಿಲ್ಲ ನಿದ್ದೆಯೂ ಬರುದಿಲ್ಲ. ಮಂಡೆಗೆ ಉಣ್ಣೆ ಟೊಪ್ಪಿ ಬೇಕು, ಆದ್ರೆ ಮುಖವನ್ನ ಬ್ಯಾಗ್ ಒಳಗೆ ಹಾಕಿ ಉಸಿರಾಡ್ಬೇಡಿ, ಉಸಿರಿನ ಪಸೆಗೆ ಬ್ಯಾಗ್ ಒದ್ದೆ ಆಗ್ತದೆ.

ಟಾರ್ಪಾಲ್ ಮತ್ತೆ ನೀರು

ಟಾರ್ಪಾಲ್‌ನ ಉದ್ದದ ಮಗ್ಗುಲನ್ನ ಗಾಳಿಗೆ ಎದುರು ಹಿಡೀರಿ, ತುದಿ ಎದುರಿದ್ರೆ ಗಾಳಿ ಸುರಂಗದ ಒಳಗೆ ನುಗ್ಗಿದ ಹಾಗೆ ನುಗ್ತದೆ. ರಾತ್ರಿ ಗಾಳಿ ಮೇಲಿಂದ ಕೆಳಗೆ ಕಣಿವೆ ಹಿಡಿದು ಬರುದು ಸಾಮಾನ್ಯ, ಮಧ್ಯಾಹ್ನ ಕೆಳಗಿಂದ ಮೇಲೆ, ಕಟ್ಟುವಾಗ ಬೀಸುವ ಗಾಳಿಯನ್ನೇ ನಂಬಬೇಡಿ. ಚಳಿ ರಾತ್ರಿಗೆ ತಗ್ಗಿಸಿ ಕಟ್ಟಿ, ಹ್ಯಾಮಕ್‌ಗಿಂತ ಒಂದು ಗೇಣು ಮೇಲೆ ಸಾಕು. ಸಿಲಿಕೋನ್ ಲೇಪದ ನೈಲಾನ್ ಟಾರ್ಪಾಲ್ ಒದ್ದೆ ಆದ್ರೆ ಜೋಲ್ತದೆ, ಮಲಗುವ ಮೊದ್ಲು ಒಮ್ಮೆ ಬಿಗಿ ಮಾಡಿ, ಅಥವಾ ಮೂಲೆ ಬಳ್ಳಿಗೆ ಸ್ವಲ್ಪ ಎಲಾಸ್ಟಿಕ್ ಸೇರಿಸಿದ್ರೆ ಅದೇ ಎಳ್ಕೊಳ್ತದೆ.

ಮರದ ಕಾಂಡದಲ್ಲಿ ಇಳಿಯುವ ನೀರು ಪಟ್ಟಿ ಹಿಡಿದು ಸೀದಾ ಹ್ಯಾಮಕ್‌ಗೆ ಬರ್ತದೆ, ಮೇಲೆ ಟಾರ್ಪಾಲ್ ಇದ್ರೂ ಅಡಿಯಲ್ಲಿ ಕೊಳ. ಇದಕ್ಕೆ ಟಾರ್ಪಾಲ್ ಅಡಿಗೆ ಬಂದ ಮೇಲೆ, ಹ್ಯಾಮಕ್‌ಗೆ ಮುಟ್ಟುವ ಮೊದ್ಲು, ಪಟ್ಟಿಗೆ ಒಂದು ತುಂಡು ಹತ್ತಿ ನೂಲು ಕಟ್ಟಿ ಕೆಳಗೆ ನೇತು ಬಿಡಿ, ನೀರು ಅದನ್ನ ಹಿಡಿದು ಅಲ್ಲೇ ತೊಟ್ಟಿಕ್ಕಿ ಹೋಗ್ತದೆ. ಎರಡೂ ಬದಿಗೆ ಕಟ್ಟಿ. ಶೂ, ಬ್ಯಾಗ್ ಎಲ್ಲ ದಪ್ಪ ತೊಟ್ಟೆ ಒಳಗೆ ಹಾಕಿ ಟಾರ್ಪಾಲ್ ಅಡಿಯಲ್ಲಿ ನೇತು ಹಾಕ್ಬಹುದು. ತಿಂಡಿ ಮಾತ್ರ ಅಲ್ಲಿ ಬೇಡ. ಈ ಕಾಡುಗಳಲ್ಲಿ ಕಪ್ಪು ಕರಡಿ ಉಂಟು, ಹ್ಯಾಮಕ್‌ನಲ್ಲಿ ಮಲಗಿದವನ ಕಿಸೆಯಲ್ಲಿ ಚಿಕ್ಕಿ, ಗೋಡಂಬಿ ಇದ್ರೆ ಅದಕ್ಕೆ ಬೇರೆ ಆಮಂತ್ರಣ ಬೇಡ. ಅಡುಗೆ, ತಿಂಡಿ ಎಲ್ಲ ದೂರ, ಸುಮಾರು ನೂರು ಹೆಜ್ಜೆಯಾಚೆ ಬೇರೆ ಮರದಲ್ಲಿ ಎತ್ತರಕ್ಕೆ ಕಟ್ಟಿಡಿ.

ಎತ್ತರದ ತಲೆನೋವು

ಸಮುದ್ರ ಮಟ್ಟದಿಂದ ಹೋಗುವವರು ಮನಾಲಿಯಂಥಾ 2000 ಮೀಟರ್ ಊರಲ್ಲಿ ಒಂದು ರಾತ್ರಿಯಾದ್ರೂ ನಿಲ್ಲಿ. 3000 ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸ್ಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಇರಿ. ಹ್ಯಾಮಕ್‌ನವರಿಗೆ ಇಲ್ಲಿ ಎರಡು ಬೇರೆ ತೊಂದ್ರೆ ಉಂಟು. ಬೆಳಿಗ್ಗೆ ತಲೆ ನೋಯ್ತದೆ ಅಂದ್ರೆ ಕುತ್ತಿಗೆ ಓರೆ ಆಗಿ ಮಲಗಿದ್ದು ಅಂತ ಸಮಾಧಾನ ಮಾಡ್ಕೊಂಡು ಮೇಲೆ ಹತ್ತುದು. ಹಾಗೆ ಮಾಡ್ಬೇಡಿ, 2500 ಮೀಟರ್ ಮೇಲೆ ತಲೆನೋವು, ವಾಕರಿಕೆ, ಊಟ ಬೇಡ ಅನಿಸುದು ಬಂದ್ರೆ ಅದು ಎತ್ತರದ್ದೇ ಅಂತ ಇಟ್ಕೊಳ್ಳಿ, ಕಡಿಮೆ ಆಗುವ ತನಕ ಏರ್ಬೇಡಿ, ಜಾಸ್ತಿ ಆದ್ರೆ, ನಡಿಗೆ ತೂರಾಡಿದ್ರೆ, ಕೂತಲ್ಲೇ ಏದುಸಿರು ಬಂದ್ರೆ ರಾತ್ರಿ ಅಂತ ನೋಡದೆ ಇಳೀರಿ. ಎರಡನೇದ್ದು, ಟೆಂಟಲ್ಲಿ ಪಕ್ಕದವ ನರಳಿದ್ರೆ ಗೊತ್ತಾಗ್ತದೆ, ಹ್ಯಾಮಕ್‌ನಲ್ಲಿ ಒಬ್ಬೊಬ್ಬರು ಒಂದೊಂದು ಮರದ ಸಂದಿಯಲ್ಲಿ, ಯಾರಿಗೆ ಎಂತ ಆಯ್ತು ಅಂತ ಬೆಳಿಗ್ಗೆಯೇ ಗೊತ್ತಾಗುದು. ಹಾಗಾಗಿ ಕರೆದ್ರೆ ಕೇಳುವಷ್ಟು ಹತ್ರ ಕಟ್ಟಿ, ಕುತ್ತಿಗೆಯಲ್ಲಿ ಒಂದು ಸೀಟಿ ಇರ್ಲಿ, ರಾತ್ರಿ ಎದ್ದವರು ಇನ್ನೊಬ್ಬರ ಹತ್ರ ಹೋಗಿ "ಓ ಮಾರಾಯ, ಸರಿ ಉಂಟಾ" ಅಂತ ಕೇಳಿ, ಉತ್ತರ ಬಂದ ಮೇಲೆಯೇ ಮಲಗಿ. ಚಳಿಗೆ ಒಂದು ಪೆಗ್, ನಿದ್ದೆ ಬರ್ಲಿಕ್ಕೆ ಮಾತ್ರೆ, ಎರಡೂ ಅಲ್ಲಿ ಬೇಡ, ಉಸಿರಾಟ ನಿಧಾನ ಮಾಡ್ತವೆ.

ಬಿಚ್ಚಿ ಹೊರಡುವಾಗ ಪಟ್ಟಿ ಇದ್ದ ಜಾಗದಲ್ಲಿ ಕಾಂಡದ ಮೇಲೆ ಗುರ್ತು ಉಳಿದಿರ್ಬಾರ್ದು, ಮೊಳೆ ಹೊಡೆಯುದು, ಅಡ್ಡ ಬಂದ ಗೆಲ್ಲು ಮುರಿಯುದು ಯಾವುದೂ ಬೇಡ. ಊರಿಗೆ ಮುಟ್ಟಿದ ಮೇಲೆ ಸುಸ್ತಾಗಿದೆ ನಾಳೆ ನೋಡುವ ಅಂತ ಬ್ಯಾಗ್ ಅಟ್ಟಕ್ಕೆ ಹಾಕಿದ್ರೆ ನಮ್ಮ ಊರಿನ ಸೆಕೆ, ಪಸೆಗೆ ಟಾರ್ಪಾಲ್ ಒಳಗಿನ ಪಿಯು (ಪಾಲಿಯುರಥೇನ್) ಕೋಟಿಂಗ್ ಅಂಟಂಟಾಗಿ ಸಿಪ್ಪೆ ಏಳ್ತದೆ, ಒಂದು ಥರ ಹುಳಿ ವಾಸನೆ ಬರ್ತದೆ, ಆಮೇಲೆ ಅದು ನೀರು ತಡೆಯುದಿಲ್ಲ. ಡೌನ್, ಅಂದ್ರೆ ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ, ಸ್ಲೀಪಿಂಗ್ ಬ್ಯಾಗ್‌ಗೆ ಬೂಸು ಹಿಡೀತದೆ. ಎಲ್ಲವನ್ನೂ ನೆರಳಲ್ಲಿ ಎರಡು ದಿನ ಗಾಳಿಗೆ ಹಾಕಿ, ಪಟ್ಟಿಯನ್ನ ಬರೀ ನೀರಲ್ಲಿ ತೊಳೆದು ಒಣಗಿಸಿ. ಮಳೆಗಾಲ ಆದ್ರೆ ಫ್ಯಾನ್ ಅಡಿಯಲ್ಲಿ ಹಾಸಿ. ಸ್ಲೀಪಿಂಗ್ ಬ್ಯಾಗನ್ನ ಅದರ ಸಣ್ಣ ಚೀಲಕ್ಕೆ ತುರುಕದೆ ಹಳೇ ದಿಂಬಿನ ಕವರಲ್ಲಿ ಸಡಿಲ ಹಾಕಿ ಕಪಾಟಿನ ಮೇಲಿನ ಖಾನೆಯಲ್ಲಿಡಿ, ಆಟಿ ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೆಗ್ದು ಕೊಡವಿ.